ಈ ಫೋಟೋದಲ್ಲಿರುವ ಲಾರಿ ಯಾವ ಕಾಲದ್ದು? (ಬ್ಯಾಡಗಿ, ಸ್ಟೇಷನ್ ರಸ್ತೆ)

ಕೆಂಪುಚೀಲ

ಎಲ್ಲರಿಗೂ ನಮಸ್ಕಾರ. ಊರು ಬ್ಯಾಡಗಿ, ಕೆಲಸ ಬೆಂಗಳೂರಲ್ಲಿ. ನಮ್ಮ ಅಜ್ಜನ ಟ್ರಂಕಿನಲ್ಲಿದ್ದ ಒಂದು ಫೋಟೋ ಈಗ ನನ್ನ ಹತ್ತಿರ ಇದೆ. ಕಪ್ಪು-ಬಿಳುಪು, ಅಂಗೈಗಿಂತ ಚೂರು ದೊಡ್ಡದು, ದಪ್ಪ ರಟ್ಟಿಗೆ ಅಂಟಿಸಿದ್ದು. ಅದು ಯಾವ ಇಸವಿಯದು ಅಂತ ತಿಳಿಯಬೇಕು. ಹಳೇ ಗಾಡಿಗಳನ್ನು ಬಲ್ಲವರು ಇಲ್ಲಿದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ. ಮೊಬೈಲಲ್ಲಿ ತೆಗೆದ ಪ್ರತಿ ಹಾಕಿದ್ದೇನೆ, ಆದರೆ ಅದು ಅಷ್ಟು ಸ್ಪಷ್ಟವಾಗಿಲ್ಲ. ಭೂತಗನ್ನಡಿ ಹಿಡಿದು ನನಗೆ ಕಂಡದ್ದನ್ನು ಬರೀತೀನಿ.

ನಡುವೆ ಲಾರಿ. ಉದ್ದ ಮೂತಿ, ಮಡ್‌ಗಾರ್ಡ್ ಮೇಲೆ ದುಂಡನೆ ದೀಪ, ಮುಂದಿನ ಜಾಲರಿಯ ಮೇಲೆ ಉಂಗುರದೊಳಗೆ ಮೂರು ಮೊನೆಯ ನಕ್ಷತ್ರ. ಎರಡೂ ಬದಿಗೆ ಬಾಳೆಕಂಬ, ಗಾಜಿನ ಮೇಲೆ ಚೆಂಡು ಹೂವಿನ ಮಾಲೆ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು. ಹೊಸ ಗಾಡಿಯ ಪೂಜೆ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತೆ. ಗಾಜಿನ ನೆತ್ತಿಯ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ 'ಪಬ್ಲಿಕ್ ಕ್ಯಾರಿಯರ್'. ನಂಬರ್ ಪ್ಲೇಟಿನಲ್ಲಿ ಎಂ, ವೈ ಎರಡೇ ಅಕ್ಷರ ಕಾಣುತ್ತವೆ, ಉಳಿದದ್ದು ಮಾಲೆಯ ಹಿಂದೆ. ಲಾರಿಯ ಹಿಂದೆ ಹೆಂಚಿನ ಅಂಗಡಿಗಳ ಸಾಲು, ಸೂರಿನವರೆಗೂ ಒಟ್ಟಿದ ಮೆಣಸಿನಕಾಯಿ ಚೀಲ. ಒಂದು ಅಂಗಡಿಗೆ ಚಿಪ್ಪಿನ ಚಿತ್ರದ ಬರ್ಮಾ-ಶೆಲ್ ತಗಡು ಹೊಡೆದಿದ್ದಾರೆ. ಎಡಗಡೆ ತುದಿಯಲ್ಲಿ ಒಂದು ಬಸ್ಸಿನ ಹಿಂಭಾಗ ಮಾತ್ರ ಸಿಕ್ಕಿದೆ, ಅದರ ಮೈಮೇಲೆ ಇಂಗ್ಲಿಷಿನ ಎಂ, ಎಸ್, ಆರ್, ಟಿ ಓದಬಹುದು.

ಮಧ್ಯದಲ್ಲಿ ರುಮಾಲು ಸುತ್ತಿ ಕೋಟು ತೊಟ್ಟ ಮೂವರು ಹಿರಿಯರು. ಗಾಡಿ ಅವರದ್ದೇ ಇರಬೇಕು, ದಲಾಲಿ ಅಂಗಡಿಯವರ ಠೀವಿ. ಬಲಗಡೆ ಅಂಚಿನಲ್ಲಿ, ಹಿಂದಿನ ಗಾಲಿ ಹತ್ತಿರ, ಖಾಕಿ ಚಡ್ಡಿ ಹಾಕಿದ ಸಣಕಲು ಹುಡುಗ. ಕಂಕುಳಲ್ಲಿ ಮುಮ್ಮೂಲೆಯ ಒಂದು ಮರದ ತುಂಡು, ಅದಕ್ಕೆ ಉದ್ದನೆ ಹಿಡಿಕೆ. ಆ ಹುಡುಗ ನಮ್ಮ ಅಜ್ಜ.

ನಮಗೆ ಗೊತ್ತಿದ್ದ ಅಜ್ಜ ಸೈಕಲ್ ಅಂಗಡಿ ಇಟ್ಟವನು. ಲಾರಿಯ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿಲ್ಲ. ಮಾತೇ ಕಡಿಮೆ ಅವನದು. ಈಗ ಅವನಿಲ್ಲ. ಅಜ್ಜಿಯನ್ನು ಕೇಳಿದರೆ "ಲಗ್ನಕ್ಕಿಂತ ಮೊದಲು ಯಾವುದೋ ಗಾಡಿ ಮ್ಯಾಲಿದ್ದನಂತ" ಅಷ್ಟೇ ಅಂತಾಳೆ. ಆ ಮರದ ತುಂಡು ಏನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬರು ಬಡಗಿಯ ಸಾಮಾನು ಅಂತಾರೆ, ಇನ್ನೊಬ್ಬರು ಕೂರೋ ಮಣೆ ಅಂತಾರೆ.

ಈ ಬೀದಿಯನ್ನು ನಾನು ನೋಡಿದ್ದು ತೊಂಬತ್ತರ ದಶಕದ ಕೊನೆಗೆ. ಆಗಲೂ ಲಾರಿಗಳದ್ದೇ ರಾಜ್ಯ. ಮೆಣಸಿನಕಾಯಿ ತೂಕದ ಮಾಲಲ್ಲ, ಗಾತ್ರದ ಮಾಲು. ಆದ್ದರಿಂದ ಚೀಲಗಳನ್ನು ಬಾಡಿಯ ಆಚೆಗೂ ಚಾಚಿ ಏರಿಸುತ್ತಿದ್ದರು, ಹಿಂದಿನಿಂದ ನೋಡಿದರೆ ಕೆಳಗೆ ಗಾಡಿ ಇದೆ ಅಂತಲೇ ಅನ್ನಿಸುತ್ತಿರಲಿಲ್ಲ. ಬ್ಯಾಡಗಿ ಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆ, ನಿಜ. ಆದರೆ ಹಮಾಲರು ಚೀಲದೊಳಗೆ ಇಳಿದು ಕಾಲಲ್ಲಿ ತುಳಿದು ತುಂಬುವಾಗ ಏಳುವ ಘಾಟು ಕಣ್ಣು ಬಿಡೋಕೆ ಬಿಡುವುದಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಶಾಲೆಗೆ ಹೋಗುವ ನಾವೆಲ್ಲ ಆ ರಸ್ತೆಯನ್ನು ಕರ್ಚೀಪು ಮೂಗಿಗೊತ್ತಿ ದಾಟುತ್ತಿದ್ದೆವು. ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವವರು ಮಾತ್ರ ಏನೂ ಆಗದವರಂತೆ ಒಬ್ಬರಿಗೊಬ್ಬರು ಕೂಗುತ್ತಾ ಕೆಲಸ ಮಾಡುತ್ತಿದ್ದರು. ಈ ಫೋಟೋ ನೋಡಿದಾಗ ಮೊದಲು ನೆನಪಾದದ್ದು ಆ ಘಾಟು.

ದಯವಿಟ್ಟು ಗೊತ್ತಿದ್ದವರು ಹೇಳಿ: ಯಾವ ಲಾರಿ, ಯಾವ ಇಸವಿ, ಆ ಮರದ ತುಂಡು ಏನು?

ನಾಲ್ಕನೇ ಗೇರ್

ಮೇಡಂ, ತುಂಬಾ ಚೆನ್ನಾಗಿ ಗಮನಿಸಿದ್ದೀರಿ. ನೀವು ಬರೆದ ವಿವರಗಳಿಂದಲೇ ಇಸವಿಯ ಹತ್ತಿರ ಹೋಗಬಹುದು.

ಲಾರಿ ಟಾಟಾ-ಮರ್ಸಿಡಿಸ್ ಬೆಂಜ್. ಆಗ ಟೆಲ್ಕೊ ಎನ್ನುತ್ತಿದ್ದ ಈಗಿನ ಟಾಟಾ ಮೋಟರ್ಸ್, ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಈ ಗಾಡಿಗಳನ್ನು ತಯಾರಿಸಿತು. ಒಪ್ಪಂದ 15 ವರ್ಷದ್ದು, 1969ಕ್ಕೆ ಮುಗಿಯಿತು. ಆಮೇಲೆ ಬಂದ ಗಾಡಿಗಳಲ್ಲಿ ನಕ್ಷತ್ರ ಹೋಗಿ ಆ ಜಾಗಕ್ಕೆ ಟಾಟಾದ 'ಟಿ' ಬಂತು. ಮೂತಿಯ ಆಕಾರ ಒಮ್ಮೆಲೇ ಬದಲಾಗಲಿಲ್ಲ, ಹಾಗಾಗಿ ಬರೀ ಬಾನೆಟ್ ನೋಡಿ ಕಾಲ ಹೇಳುವುದು ಕಷ್ಟ. ಜಾಲರಿಯ ಮೇಲಿನ ಗುರುತನ್ನು ನಂಬಬಹುದು. ಅದೇ ಕಾಲದಲ್ಲಿ ಎಣ್ಣೂರಿನ ಲೇಲ್ಯಾಂಡ್ ಕಾಮೆಟ್, ಮುಂಬೈಯ ಪ್ರೀಮಿಯರ್ ಕಂಪನಿಯ ಡಾಜ್ ಮತ್ತು ಫಾರ್ಗೊ, ಹಿಂದೂಸ್ತಾನ್ ಮೋಟರ್ಸಿನ ಬೆಡ್‌ಫರ್ಡ್ ಕೂಡ ಓಡಾಡುತ್ತಿದ್ದವು. ನೀವು ಹೇಳಿದ ಮೂರು ಮೊನೆಯ ನಕ್ಷತ್ರ ಅವ್ಯಾವುದಕ್ಕೂ ಇಲ್ಲ.

ಎಂವೈ ಅಂದರೆ ಮೈಸೂರು ರಾಜ್ಯದ ನೋಂದಣಿ. ನಿಮ್ಮೂರು ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಇಲ್ಲಿಗೆ ಹದಿನೇಳು ವರ್ಷದ ಅಂತರ ಉಳೀತು.

ಅದನ್ನು ಕಿರಿದು ಮಾಡುವುದು ನಿಮ್ಮ ಅರ್ಧ ಬಸ್ಸು. ಎಂ, ಎಸ್, ಆರ್, ಟಿ ಅಂದರೆ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ, ಶುರುವಾದದ್ದು 1961ರಲ್ಲಿ. ಮಹಾರಾಷ್ಟ್ರದ ನಿಗಮಕ್ಕೂ ಇವೇ ಅಕ್ಷರ, ಆದರೆ ಮಹಾರಾಷ್ಟ್ರ ರಾಜ್ಯವಾದದ್ದೇ 1960ರಲ್ಲಿ, ಆದ್ದರಿಂದ ಲೆಕ್ಕ ಹೆಚ್ಚು ಕದಲುವುದಿಲ್ಲ. ಬರ್ಮಾ-ಶೆಲ್ ತಗಡಿನಿಂದ ಅಷ್ಟು ಸಹಾಯವಿಲ್ಲ. ಸರ್ಕಾರ ಆ ಕಂಪನಿಯನ್ನು ವಹಿಸಿಕೊಂಡದ್ದು 1976ರಲ್ಲಿ, ಅದಾದ ಮೇಲೂ ಎಷ್ಟೋ ಅಂಗಡಿಗಳಲ್ಲಿ ಹಳೇ ತಗಡು ಹಾಗೇ ಇತ್ತು.

ಗಾಡಿ ಪೂಜೆಗೆ ನಿಂತಿದೆ, ಅಂದರೆ ಹೊಸದು. ನಕ್ಷತ್ರ ಇದೆ, ಅಂದರೆ ಹೆಚ್ಚೆಂದರೆ 1969ರ ಆಸುಪಾಸು. ಬಸ್ಸು 1961ರ ಈಚೆಯದು. ನಿಮ್ಮ ಅಜ್ಜಿ 'ಲಗ್ನಕ್ಕಿಂತ ಮೊದಲು' ಅಂದಿದ್ದಾರಲ್ಲ, ಆ ಲಗ್ನದ ಇಸವಿ ಗೊತ್ತೇ?

ಮರದ ತುಂಡಿನ ವಿಷಯ ಹಳೇ ಚಾಲಕರೇ ಹೇಳಬೇಕು.

ಕೆಂಪುಚೀಲ

ಸರ್, ಲಗ್ನಪತ್ರಿಕೆ ಅದೇ ಟ್ರಂಕಿನಲ್ಲಿದೆ. 1968ರ ವೈಶಾಖ. ಹಾಗಾದರೆ 61ರಿಂದ 68ರ ನಡುವೆ. ಅಜ್ಜ ಫೋಟೋದಲ್ಲಿ ಹದಿನೇಳು-ಹದಿನೆಂಟರ ಹುಡುಗನ ಹಾಗೆ ಕಾಣ್ತಾನೆ. 1964-65 ಅಂತ ನನ್ನ ಅಂದಾಜು. ಇಷ್ಟು ಹತ್ತಿರ ತಂದುಕೊಟ್ಟಿದ್ದಕ್ಕೆ ನಿಮಗೆ ತುಂಬಾ ಋಣಿ.

ಅರಬೈಲ್ ತಿರುವು

ತಂಗೀ, ನಿಮ್ಮಜ್ಜ ಹಿಡಕೊಂಡದ್ದು ಗಾಲಿಗೆ ಅಡ್ಡ ಕೊಡೋ ಕಟಗಿ. ಮಣಿನೂ ಅಲ್ಲ, ಬಡಿಗ್ಯಾರ ಸಾಮಾನೂ ಅಲ್ಲ. ನಿಮ್ಮಜ್ಜ ಆ ಗಾಡಿಗೆ ಕ್ಲೀನರ್ ಇದ್ದ.

ನಾನು ಹುಬ್ಬಳ್ಳಿಯಾಂವ. ಎಪ್ಪತ್ತರ ದಶಕದಾಗ ಕ್ಲೀನರ್ ಆಗಿ ಸೇರಿ, ಆಮ್ಯಾಲೆ ಡ್ರೈವರ್ ಆಗಿ, ಹುಬ್ಬಳ್ಳಿ-ಕಾರವಾರ ಲೈನಿನ ಮ್ಯಾಲೆ ಭಾಳ ವರ್ಷ ಗಾಡಿ ಹೊಡದೇನಿ. ಯಲ್ಲಾಪುರ ದಾಟಿದ ಮ್ಯಾಲೆ ಅರಬೈಲ್ ಘಾಟ ಬರ್ತೈತಿ, ಅಲ್ಲಿಂದ ಕೆಳಗಿಳದ್ರ ಅಂಕೋಲಾ. ಇಳಿಯೂದು ಒಂದು ತ್ರಾಸು, ವಾಪಸ್ ಲೋಡು ಹಾಕ್ಕೊಂಡು ಏರೂದು ಅದರ ಎರಡು ಪಟ್ಟು ತ್ರಾಸು.

ಈಗಿನ ಗಾಡಿಗೆ ಏರ್ ಬ್ರೇಕ್ ಐತಿ, ಪವರ್ ಸ್ಟೇರಿಂಗ್ ಐತಿ. ಆಗಿನ ಗಾಡಿ ತುಂಬಿದ ಲೋಡಿನ ಮ್ಯಾಲೆ ಏರಿನಾಗ ನಿಂತ್ರ ಹ್ಯಾಂಡ್ ಬ್ರೇಕ್ ನಂಬೂ ಹಂಗಿರಲಿಲ್ಲ. ತಿರುವಿನಾಗ ಗೇರ್ ಇಳಸೂ ಹೊತ್ತಿಗೆ ಗೇರ್ ಬೀಳಲಿಲ್ಲ ಅಂದ್ರ ಮುಗೀತು, ಗಾಡಿ ಹಿಂದಕ್ಕ ಜಾರಾಕ ಶುರು ಮಾಡ್ತಿತ್ತು. ಅದಕ್ಕ ಘಾಟ ಹತ್ತೂ ಮುಂದ ಕ್ಲೀನರ್ ಒಳಗ ಕುಂದರ್ತಿದ್ದಿಲ್ಲ. ಕಟಗಿ ಹಿಡಕೊಂಡು ಫುಟ್‌ಬೋರ್ಡ್ ಮ್ಯಾಲೆ ನಿಂತಿರ್ತಿದ್ದ, ಇಲ್ಲಾ ಗಾಡಿ ಹಿಂದ ಹಿಂದ ನಡಕೊಂತ ಬರ್ತಿದ್ದ. ಗಾಡಿ ಅಷ್ಟು ಸಾವಕಾಶ ಏರ್ತಿತ್ತು. ಡ್ರೈವರ್ ಒಂದು ಕೂಗು ಹಾಕಿದ ಕೂಡಲೇ ಓಡಿ ಹೋಗಿ ಹಿಂದಿನ ಗಾಲಿ ಬುಡಕ್ಕ ಕಟಗಿ ಕೊಡಬೇಕು. ಎಡಗಾಲಿಗೋ ಬಲಗಾಲಿಗೋ ಅನ್ನೂದನ್ನ ರಸ್ತೆ ವಾಟ ನೋಡಿ ಅವನ ಠರಾಯಿಸಬೇಕು, ಕೇಳಾಕ ವ್ಯಾಳ್ಯಾ ಇರಲಿಲ್ಲ. ಒಂದು ಕ್ಷಣ ತಡ ಆದ್ರ ಗಾಡಿ ಕೊಳ್ಳದಾಗ.

ಹಿಡಿಕಿ ಅಷ್ಟ್ಯಾಕ ಉದ್ದ ಐತಿ ಅಂದ್ರ, ಕೈ ಗಾಲಿ ಸನೇಕ ಹೋಗಬಾರದು ಅಂತ. ಬಗ್ಗಿ ಕೈಲೆ ಇಡಾಕ ಹೋಗಿ ಬೆರಳು ಕಳಕೊಂಡ ಹುಡುಗರನ್ನ ನಾ ಕಂಡೇನಿ. ನಮ್ಮ ಕಟಗಿ ಜಾಲಿದಿತ್ತು. ಜಾಲಿ ಗಟ್ಟಿ, ಸೀಳಾಂಗಿಲ್ಲ. ಫೋಟೋ ದೊಡ್ಡದು ಮಾಡಿ ನೋಡ್ರಿ, ಕಟಗಿಯ ಇಳಿಜಾರು ಮಗ್ಗಲಾಗ ಕರೇ ಗೀರು ಇದ್ರ ಅದು ಟೈರಿನ ಗುರುತು. ಹೊಸಾ ಗಾಡಿ ಪೂಜಾದಾಗ ಹಿಂಗ ಬಳಸಿ ಹಳೇದಾದ ಕಟಗಿ ಕಂಕಳಾಗ ಐತಿ ಅಂದ್ರ, ನಿಮ್ಮಜ್ಜ ಅದಕ್ಕೂ ಮೊದಲು ಬ್ಯಾರೆ ಗಾಡಿ ಮ್ಯಾಲೆ ದುಡದಾನ ಅಂತ ಅರ್ಥ. ಒಳ್ಳೆ ಕ್ಲೀನರ್ ಗಾಡಿ ಬಿಟ್ರೂ ಕಟಗಿ ಬಿಡ್ತಿದ್ದಿಲ್ಲ. ಕೈಗೆ ಹೊಂದಿರ್ತದ ನೋಡ್ರಿ.

ಇನ್ನೊಂದು ಮಾತು. ಆಗ ಕಂಪನಿಯಿಂದ ಬರ್ತಿದ್ದದ್ದು ಬರೇ ಚಾಸಿ. ಎಂಜಿನ್, ಬಾನೆಟ್, ನಾಲ್ಕು ಕಡೆ ಗಾಲಿ, ಅಷ್ಟ. ಕ್ಯಾಬಿನ್ ಇಲ್ಲ, ಬಾಡಿ ಇಲ್ಲ. ಚಾಸಿ ತರೂ ಡ್ರೈವರ್ ಒಂದು ಹಲಗಿ ಮ್ಯಾಲೆ ಕುಂತು, ಮೈಗೆ ಕಂಬಳಿ ಸುತ್ತಿಕೊಂಡು, ಬಿಸಲು ಮಳಿ ಎಲ್ಲಾ ತಿಂದು ತರ್ತಿದ್ದ. ಬಾಡಿ ಕಟ್ಟೂದು ನಮ್ಮ ಕಡೆ ಬಡಿಗ್ಯಾರು, ಕಮ್ಮಾರರು. ಅದಕ್ಕ ಒಂದ ಕಂಪನಿ ಎರಡು ಗಾಡಿ ಪಕ್ಕ ನಿಂದರಿಸಿದ್ರ ಬಾಡಿ ಒಂದರಂಗ ಒಂದು ಇರ್ತಿದ್ದಿಲ್ಲ. ಬಾಡಿ ಮಗ್ಗಲದ ಹಲಗಿ, ಕಬ್ಬಿಣದ ಪಟ್ಟಿ, ಬರವಣಿಗಿ ಚಂದಾಗಿ ಕಾಣೂ ಫೋಟೋ ಹಾಕ್ರಿ, ಯಾವ ಊರಿನ ಕೆಲಸ ಅಂತ ಗುರ್ತಿಸೂ ಹಳೇ ಮಂದಿ ಇನ್ನೂ ಇದ್ದಾರ.

ನಾವು ಮೆಣಸಿನಕಾಯಿ ಹೇರಿಕೊಂಡು ಕುಮಟಾ, ಹೊನ್ನಾವರ, ಉಡುಪಿ ಕಡೆ ಇಳೀತಿದ್ವಿ. ಬರೂವಾಗ ಸಾಣಿಕಟ್ಟಾದ ಉಪ್ಪು, ಇಲ್ಲಾ ಮಂಗಳೂರು ಹೆಂಚು. ನಿಮ್ಮ ಬೀದಿ ಅಂಗಡಿ ಮ್ಯಾಲಿನ ಹೆಂಚು ಹತ್ತಿಸಿಕೊಂಡು ಬಂದದ್ದೂ ಇಂಥಾ ಯಾವುದೋ ಗಾಡಿನ ಇರಬೇಕು.

ನೆಗೆಟಿವ್ ಪೆಟ್ಟಿಗೆ

ಮೇಲಿನ ಹಿರಿಯರ ಮಾತು ಓದಿ ನಮ್ಮ ಮನೆಯ ಆಲ್ಬಂಗಳನ್ನೆಲ್ಲ ಮತ್ತೆ ತೆಗೆದು ಕೂತೆ. ನಮ್ಮ ತಂದೆ ಸಾಗರದಲ್ಲಿ ಸ್ಟುಡಿಯೊ ಇಟ್ಟಿದ್ದರು. ಫೋಟೋದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ.

ಅರವತ್ತರ ದಶಕದಲ್ಲಿ ನಮ್ಮಂಥ ಊರುಗಳಲ್ಲಿ ಬೀದಿಯ ಫೋಟೋ ಅಂತ ಯಾರೂ ತೆಗೆಸುತ್ತಿರಲಿಲ್ಲ. ಚೌಕ ಚಿತ್ರ ಬರುವ ಕ್ಯಾಮೆರಾದಲ್ಲಿ 120ರ ರೋಲಿಗೆ ಹನ್ನೆರಡೇ ಚಿತ್ರ. ಒಂದೊಂದಕ್ಕೂ ದುಡ್ಡು. ಮದುವೆ, ನಾಮಕರಣ, ಶಾಲೆಯ ಗುಂಪು, ತೀರಿಹೋದವರ ಕೊನೆಯ ಚಿತ್ರ, ಇಷ್ಟಕ್ಕೇ ಫೋಟೋಗ್ರಾಫರ್ ಬರುತ್ತಿದ್ದದ್ದು. ಅವನು ಸ್ಟುಡಿಯೊದ ಪರದೆ ಬಿಟ್ಟು ನಡುರಸ್ತೆಗೆ ಕ್ಯಾಮೆರಾ ತರುತ್ತಿದ್ದ ಸಂದರ್ಭ ಬಹಳ ಕಡಿಮೆ: ರಥೋತ್ಸವ, ಮಂತ್ರಿಗಳ ಭೇಟಿ, ಮತ್ತೆ ಯಾರಾದರೂ ಲಾರಿಯನ್ನೋ ಬಸ್ಸನ್ನೋ ಕೊಂಡಾಗ. ಲಾರಿಯನ್ನು ಸ್ಟುಡಿಯೊ ಒಳಗೆ ತರೋಕಾಗುವುದಿಲ್ಲವಲ್ಲ! ಹಾಗಾಗಿ ಅಂಗಡಿ ಸಾಲು, ಚೀಲ, ಬಸ್ಸು, ಅಂಚಿನಲ್ಲಿ ನಿಂತ ಹುಡುಗ, ಇವೆಲ್ಲ ಗಾಡಿಯ ಜೊತೆಗೆ ಬಂದುಬಿಟ್ಟವು. ಒಂದು ಊರಿನ ಪೇಟೆ ಬೀದಿ ಅರವತ್ತು ವರ್ಷದ ಹಿಂದೆ ಹೇಗಿತ್ತು ಅಂತ ಇವತ್ತು ನಮಗೆ ಗೊತ್ತಾಗುತ್ತಿದ್ದರೆ ಎಷ್ಟೋ ಕಡೆ ಅದು ಯಾರೋ ಗಾಡಿ ತಂದ ಪುಣ್ಯದಿಂದ.

ಒಂದು ಗಮನಿಸಿ. ಸಾಹುಕಾರರು ಮೂವರೂ ಮಧ್ಯದಲ್ಲಿ ನಿಂತಿದ್ದಾರೆ, ಅವರಿಗೆ ಬೇಕಾದದ್ದು ಅಷ್ಟೇ ಚೌಕಟ್ಟು. ಫೋಟೋಗ್ರಾಫರ್ ಗಾಡಿ ಪೂರ್ತಿ ಬರಲಿ ಅಂತ ಹಿಂದೆ ಸರಿದಿದ್ದಾನೆ. ಸರಿಯದೇ ಇದ್ದಿದ್ದರೆ ನಿಮ್ಮ ಅಜ್ಜ ಚಿತ್ರದಲ್ಲಿ ಸಿಗುತ್ತಿರಲಿಲ್ಲ. ರಟ್ಟಿನ ಹಿಂದೆ ಅಥವಾ ಕೆಳಗಿನ ಮೂಲೆಯಲ್ಲಿ ಸ್ಟುಡಿಯೊದ ಮೊಹರು ಇದೆಯೇ ನೋಡಿ. ಒತ್ತು ಅಚ್ಚಾಗಿದ್ದರೆ ಶಾಯಿ ಇರುವುದಿಲ್ಲ, ಬೆಳಕನ್ನು ಪಕ್ಕದಿಂದ ಬಿಟ್ಟು ಓರೆಯಾಗಿ ನೋಡಬೇಕು. ಆ ಸ್ಟುಡಿಯೊದವರ ಮಕ್ಕಳು ನೆಗೆಟಿವ್ ಇಟ್ಟುಕೊಂಡಿರುವ ಸಾಧ್ಯತೆ ಇದೆ. ನಮ್ಮ ಮನೆಯಲ್ಲಿ ಇನ್ನೂ ಇವೆ.

ಕೆಂಪುಚೀಲ

ಅಣ್ಣಾರ, ನಿಮ್ಮ ಉತ್ತರ ಓದಿ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಓದಿ ಹೇಳುತ್ತಿದ್ದಂತೆ ಅಪ್ಪ ಒಂದಷ್ಟು ಹೊತ್ತು ಸುಮ್ಮನಿದ್ದು "ಅದಕ್ಕ ಇಟ್ಟಂಗಿ ಇಡ್ತಿದ್ನಾ" ಅಂದರು.

ವಿಷಯ ಇದು. ನಮ್ಮ ಮನೆಯ ಮುಂದೆ ಯಾವುದೇ ಗಾಡಿ ಬಂದು ನಿಂತರೂ ಅಜ್ಜ ಎದ್ದು ಹೋಗಿ ಹಿಂದಿನ ಗಾಲಿಗೆ ಒಂದು ಇಟ್ಟಂಗಿ ಇಡುತ್ತಿದ್ದ. ಮಾವನ ಜೀಪಿಗೆ, ಹಾಲಿನ ಟೆಂಪೊಗೆ, ಅಪ್ಪ ಕೊಂಡ ಹಳೇ ಮಾರುತಿಗೆ. ನಮ್ಮ ಓಣಿ ಚಪ್ಪಟೆ ನೆಲ, ಎಲ್ಲೂ ಇಳಿಜಾರಿಲ್ಲ. ಆದರೂ ಇಡುತ್ತಿದ್ದ. ಅಪ್ಪ ಎಷ್ಟೋ ಸಲ "ಯಪ್ಪಾ, ಹ್ಯಾಂಡ್ ಬ್ರೇಕ್ ಹಾಕೇನಿ" ಅಂದರೆ "ಇರ್ಲಿ ಬಿಡು" ಅಂತಿದ್ದ, ಅಷ್ಟೇ. ನಾವು ವಯಸ್ಸಾದವರ ರೂಢಿ ಅಂದುಕೊಂಡಿದ್ದೆವು.

ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಕಟ್ಟಿಗೆಯ ಇಳಿಜಾರಿನ ಮೇಲೆ ನಿಜಕ್ಕೂ ಅಡ್ಡಡ್ಡ ಕಪ್ಪು ಗೀರುಗಳಿವೆ, ಒಂದರ ಮೇಲೊಂದು. ನಾನು ಅದನ್ನು ಫೋಟೋ ಮೇಲಿನ ಕಲೆ ಅಂದುಕೊಂಡಿದ್ದೆ. ಅವನ ಬಲಗೈ ಹಿಡಿಕೆಯ ತುದಿಯನ್ನು ಹಿಡಿದ ರೀತಿಯೂ ಈಗ ಬೇರೆಯಾಗಿ ಕಾಣುತ್ತಿದೆ. ಭಾರಕ್ಕೆ ಹಿಡಿದದ್ದಲ್ಲ ಅದು, ತಯಾರಾಗಿ ಹಿಡಿದದ್ದು. ಹದಿನೇಳು ವರ್ಷದ ಹುಡುಗ ಆ ಕತ್ತಲೆ ಕಾಡಿನ ಘಾಟಿನಲ್ಲಿ ತುಂಬಿದ ಲಾರಿಯ ಹಿಂದೆ ನಡೆದು ಬರುತ್ತಿದ್ದ ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ, ಅಣ್ಣಾರ.

ಇಲ್ಲಿರುವ ಎಲ್ಲರಲ್ಲೂ ಒಂದು ಕೋರಿಕೆ. ಹಾವೇರಿ, ರಾಣೆಬೆನ್ನೂರು, ಮೋಟೆಬೆನ್ನೂರು, ಹಾನಗಲ್ ಕಡೆಯವರ ಮನೆಯಲ್ಲಿ ಗಾಡಿ ಪೂಜೆಯ ಹಳೇ ಫೋಟೋ ಇದ್ದರೆ ತೆಗೆದು ನೋಡಿ. ಅಂಚಿನಲ್ಲಿ ನಿಂತವರು ಯಾರು ಅಂತ ಮನೆಯ ಹಿರಿಯರು ಇರುವಾಗಲೇ ಕೇಳಿ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮಧ್ಯದಲ್ಲಿರುವವರ ಹೆಸರು ಹೇಗಾದರೂ ಉಳಿಯುತ್ತೆ.

ನೆಗೆಟಿವ್ ಪೆಟ್ಟಿಗೆ ಅವರೇ, ಮೊಹರು ಕಾಣಲಿಲ್ಲ. ರಟ್ಟು ಒಂದು ಮೂಲೆಯಲ್ಲಿ ಉಬ್ಬಿದೆ, ಬಿಳಿ ಚುಕ್ಕೆಗಳೂ ಬಂದಿವೆ. ರಟ್ಟಿನಿಂದ ಬಿಡಿಸಿ ಲ್ಯಾಮಿನೇಶನ್ ಮಾಡಿಸೋಣ ಅಂತ ಅಪ್ಪ ಅಂತಿದ್ದಾರೆ. ಮಾಡಿಸಬಹುದೇ?

ನೆಗೆಟಿವ್ ಪೆಟ್ಟಿಗೆ

ದಯವಿಟ್ಟು ಎರಡೂ ಬೇಡ. ರಟ್ಟಿನಿಂದ ಎಳೆದರೆ ಚಿತ್ರದ ಪದರವೇ ಹರಿಯುತ್ತೆ. ಲ್ಯಾಮಿನೇಶನ್ ಮಾಡಿದರೆ ಬಿಸಿ ಮತ್ತು ಅಂಟು ಸೇರಿ ಅದನ್ನು ಮುಂದೆ ಯಾರೂ ಸರಿಪಡಿಸದ ಹಾಗೆ ಆಗುತ್ತೆ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬಿಳಿ ಚುಕ್ಕೆ ಬೂಷ್ಟು ಇರಬೇಕು. ತೇವವಿಲ್ಲದ, ಗಾಳಿಯಾಡುವ ಜಾಗದಲ್ಲಿ ಕೆಲವು ದಿನ ಇಡಿ, ಬಿಸಿಲಿಗೆ ಮಾತ್ರ ಬೇಡ. ಆಮೇಲೆ ಮೃದುವಾದ ಒಣ ಕುಂಚದಿಂದ ಅಂಚಿನ ಕಡೆಗೆ ಮೆಲ್ಲಗೆ ಸವರಿ. ಉಬ್ಬಿದ ಮೂಲೆಯನ್ನು ಒತ್ತಬೇಡಿ.

ಮೊಬೈಲ್ ಬಿಟ್ಟು ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿಸಿ, ಹಿಂಭಾಗವನ್ನೂ ಸೇರಿಸಿ. ಕಪ್ಪು-ಬಿಳುಪಾದರೂ ಕಲರ್ ಮೋಡಿನಲ್ಲೇ ಮಾಡಿಸಿ, ಕಲೆ ಯಾವುದು ಚಿತ್ರ ಯಾವುದು ಅಂತ ಬೇರ್ಪಡಿಸೋಕೆ ಸುಲಭ. ಟಿಫ್ ಫೈಲ್ ಒಂದು ಇಟ್ಟುಕೊಂಡು ಇಲ್ಲಿಗೆ ಜೆಪೆಗ್ ಹಾಕಿ. ನೀವು ಈಗ ಹಾಕಿರುವುದರಲ್ಲೇ ಬಸ್ಸಿನ ಪಕ್ಕದ ಗೋಡೆಯ ಮೇಲೆ ದೊಡ್ಡಕ್ಷರದ ಬರಹ ಇದ್ದ ಹಾಗಿದೆ. ಚುನಾವಣೆಯ ಗೋಡೆಬರಹ ಆಗಿದ್ದರೆ 1962 ಅಥವಾ 1967, ಇನ್ನೂ ಹತ್ತಿರ ಹೋಗಬಹುದು.